ಬೆಳ್ಳಕ್ಕಿಕುದ್ರುವಿನ ಜೊಳ್ಳುತೆನೆ ಮಾತೆ

ಹೊಳೆಯು ಕಡಲನ್ನು ಸೇರುವ ಅಳಿವೆಯ ನಡುವೆ, ಬೆಳ್ಳಕ್ಕಿಗಳ ಹಿಂಡಿನ ಹೊರತು ಬೇರಾರೂ ತಮ್ಮದೆಂದು ಹೇಳಿಕೊಳ್ಳದ ಒಂದು ಕುದ್ರು, ಎಂದರೆ ನಡುಗಡ್ಡೆ, ಇದ್ದ ಪುರಾತನ ಕಾಲದಲ್ಲಿ, ಅರಸರ ಕಲಹದಿಂದ ಮನೆಮಠ ಕಳೆದುಕೊಂಡ ಕೆಲವು ಕ್ರೈಸ್ತ ಕುಟುಂಬಗಳು, ತಲೆಯ ಮೇಲೆ ಗಂಟುಮೂಟೆಯನ್ನೂ ನಾಲಗೆಯ ಮೇಲೆ ದೇವಮಾತೆಯ ನಾಮಸ್ಮರಣೆಯನ್ನೂ ಹೊತ್ತು ಅಲ್ಲಿ ಬಂದಿಳಿದು, ಉಪ್ಪುನೀರನ್ನು ಮಣ್ಣಿನ ಕಟ್ಟದಿಂದ ತಡೆದು, ಒಂದೇ ಒಂದು ಬಾವಿ ತೋಡಿ, ಭತ್ತ ಬೆಳೆದು ಬದುಕತೊಡಗಿದವು. ಅವರಲ್ಲಿ ಪರಮಭಕ್ತೆಯೂ ಅಷ್ಟೇ ಹಟಮಾರಿಯೂ ಆದ ಪಾವ್ಲಿನ್‌ಬಾಯಿ ಎಂಬ ವಯಸ್ಸಾದ ವಿಧವೆಯಿದ್ದಳು. ಹಟಮಾರಿ ಎಂದದ್ದಕ್ಕೆ ಭಕ್ತಾದಿಗಳು ಬೇಸರಪಟ್ಟುಕೊಳ್ಳಬಾರದು. ಆ ಹಟವಿಲ್ಲದಿದ್ದರೆ ಈ ಕ್ಷೇತ್ರವೂ ಇರುತ್ತಿರಲಿಲ್ಲ, ಈ ಪುಸ್ತಿಕೆಯೂ ಇರುತ್ತಿರಲಿಲ್ಲ.

ಕನ್ಯಾಮಾತೆಯ ಜನ್ಮದಿನವಾದ ತೆನೆಹಬ್ಬದಂದು ಪ್ರತಿ ಮನೆಯವರೂ ಹೊಸ ತೆನೆಯನ್ನು ನೀರಿನಲ್ಲಿ ಅದ್ದಿ ತೊಳೆದು, ದಡದ ಕರಿಬಂಡೆಯ ಮೇಲಿಟ್ಟು, ಕೃತಜ್ಞತಾಸ್ತೋತ್ರ ಹಾಡಿದ ಬಳಿಕವೇ ಹೊಸ ಅಕ್ಕಿ ಉಣ್ಣುವುದು ಅಲ್ಲಿಯ ಸಂಪ್ರದಾಯ. ಒಮ್ಮೆ ಪಾದ್ರಿಗಳು ದೂರದ ಬಂದರಿಗೆ ಹೊರಟಾಗ, ಹಬ್ಬಕ್ಕೆ ಉಳಿದ ದಿನಗಳಷ್ಟು ಗಂಟು ಹಾಕಿದ ತೆಂಗಿನ ನಾರಿನ ಹುರಿಯೊಂದನ್ನು ಪಾವ್ಲಿನ್‌ಬಾಯಿಯ ಕೈಗಿತ್ತು, ದಿನವೂ ಸಂಜೆಯ ಜಪಮಾಲೆಯಾದ ಮೇಲೆ ಒಂದು ಗಂಟು ಬಿಚ್ಚಬೇಕೆಂದೂ, ಹುರಿ ನೆಟ್ಟಗಾದ ಮರುದಿನವೇ ಹಬ್ಬವೆಂದೂ ಅಪ್ಪಣೆ ಮಾಡಿದರು. ಅವಳು ಅದನ್ನು ಕೊರಳಿಗೇ ಕಟ್ಟಿಕೊಂಡಳು.

ಆ ವರ್ಷ ಮಳೆ ಶ್ರಾವಣದಲ್ಲೇ ಬೆನ್ನು ತಿರುಗಿಸಿತು. ಹೊಳೆ ಸೊರಗಿದ್ದೇ ತಡ, ಕಡಲು ಉಬ್ಬಿ ಬಂದು ಕಟ್ಟವನ್ನು ಒಡೆದು, ಹಾಲುಗಟ್ಟುತ್ತಿದ್ದ ಪೈರನ್ನು ಸುಟ್ಟು, ದೋಣಿಗಳನ್ನು ಪುಡಿಗೈದು, ಬಾವಿಯೊಳಕ್ಕೂ ನುಗ್ಗಿತು. ಬಾವಿಯ ನೀರು ಬಾಯಿಗಿಟ್ಟರೆ ಉಗುಳುವಂತಾಯಿತು. ಅಳಿದುಳಿದ ಒಂದೇ ದೋಣಿ ಹೊಳೆಯ ಮೇಲ್ಭಾಗದಿಂದ ಹೊತ್ತು ತರುತ್ತಿದ್ದ ನೀರು ಮಕ್ಕಳ ಗಂಟಲು ನೆನೆಯಲೂ ಸಾಲದಾಗಲು, ಜನರು ಕುದ್ರುವನ್ನು ತೊರೆದು ಕಂಡವರ ಅಂಗಳಗಳಿಗೆ ಚದುರಿಹೋಗಲು ನಿಶ್ಚಯಿಸಿದರು. ಈ ಸಂಕಟದ ನಡುವೆಯೇ ಪಾವ್ಲಿನ್‌ಬಾಯಿ ವಿಷಮಜ್ವರದಿಂದ ಹಲವು ದಿನ ಮೈಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಎದ್ದವಳು, ತಾನು ಮಲಗಿದ್ದು ಒಂದೇ ರಾತ್ರಿಯೆಂದು ಭಾವಿಸಿ, ಒಂದೇ ಗಂಟು ಬಿಚ್ಚಿದಳು. ಯಾರೂ ತಿದ್ದಲಿಲ್ಲ, ನೀರಿನ ಚಿಂತೆಯಲ್ಲಿದ್ದವರಿಗೆ ಹಬ್ಬದ ನೆನಪಾದರೂ ಎಲ್ಲಿಯದು?

ಕೊನೆಯ ಗಂಟು ಬಿಚ್ಚಿದ ಮರುದಿನ ಬೆಳಿಗ್ಗೆ, ಮೊದಲ ಕುಟುಂಬಗಳು ದೋಣಿಯೇರಲು ದಡದಲ್ಲಿ ನಿಂತಿದ್ದಾಗ, ಅವಳು ಗದ್ದೆಯ ಕೆಸರಿನಿಂದ ಸುಟ್ಟು ಕರಿದಾದ ಜೊಳ್ಳು ತೆನೆಯೊಂದನ್ನು ಕಿತ್ತು ಹಿಡಿದು ಬಂದಳು. ಊರಿನ ಹಿರಿತನ ನಡೆಸುತ್ತಿದ್ದ ಗುರ್ಕಾರ ಬಸ್ತ್ಯಾಂವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಇದೆಂತ ಬಾಯಮ್ಮ? ಒಂದು ಕಾಳಿಲ್ಲ, ಕುಡಿಯಲಿಕ್ಕೆ ನೀರಿಲ್ಲ. ಯಾವುದಕ್ಕೆ ಅಂತ ಸ್ತೋತ್ರ ಹೇಳುವುದು?"

"ಕೊಟ್ಟ ವರ್ಷವೆಲ್ಲ ಹಾಡಿದ್ದೇವಲ್ಲ ಗುರ್ಕಾರರೇ," ಎಂದಳು ಅವಳು. "ಕೊಡದ ವರ್ಷ ಬಾಯಿ ಮುಚ್ಚಿದರೆ ನಾವು ಹಾಡಿದ್ದು ಅಕ್ಕಿಗೆ ಅಂತ ಆಗ್ತದೆ, ದೇವರಿಗೆ ಅಲ್ಲ. ಹೋಗುವುದಾದರೆ ಹೋಗುವ. ಹಾಡಿ ಹೋಗುವ."

ಒಣಗಿದ ಗಂಟಲುಗಳಿಂದಲೇ ಹಾಡುತ್ತ ಜನರು ಅವಳ ಹಿಂದೆ ಬಂಡೆಯತ್ತ ನಡೆದರು. ಅಂದು ಅಮಾವಾಸ್ಯೆ. ಆ ತಿಥಿಯ ಕಡಲ ಇಳಿತವು ಎಂದಿಗಿಂತ ಬಹುದೂರ ಹಿಂದೆ ಸರಿದಿದ್ದುದರಿಂದ, ತೆನೆಯನ್ನು ತೊಳೆಯಲು ಪಾವ್ಲಿನ್‌ಬಾಯಿ ಬಂಡೆಯನ್ನು ದಾಟಿ, ಸದಾ ಮುಳುಗಿರುತ್ತಿದ್ದ ಅದರ ಬುಡಕ್ಕೇ ಇಳಿದು, ಅಲ್ಲಿ ಸೀಳಿನ ಕೆಳಗೆ ನಿಂತಿದ್ದ ನೀರಿನಲ್ಲಿ ತೆನೆಯನ್ನು ಅದ್ದಿದಳು. ಬಳಿಕ ಅಭ್ಯಾಸಬಲದಿಂದ ಒದ್ದೆ ಬೆರಳುಗಳಿಂದ ಹಣೆ, ಎದೆ, ಭುಜಗಳನ್ನು ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು, ಬೆರಳ ತುದಿಗೆ ಮುತ್ತಿಟ್ಟಳು. ಮುತ್ತಿಟ್ಟವಳು ಹಾಗೆಯೇ ನಿಂತಳು. ತುಟಿಗೆ ಉಪ್ಪು ಹತ್ತಲಿಲ್ಲ.

ಮತ್ತೊಮ್ಮೆ ಅದ್ದಿ ನೆಕ್ಕಿದಳು. ಸಿಹಿನೀರು! ಕಲ್ಲಿನ ಸೀಳಿನಿಂದ ತಣ್ಣಗೆ, ಕಾಣದಷ್ಟು ಮೆಲ್ಲಗೆ, ಸಿಹಿನೀರು ಜಿನುಗುತ್ತಿತ್ತು. ಅವಳ ಕೂಗಿಗೆ ಜನರೆಲ್ಲ ಓಡಿಬರಲು, ಆ ಬಂಡೆಯೊಳಗಿಂದ ತಾಯಿಯೊಬ್ಬಳು ತೊಟ್ಟಿಲ ಬಳಿ ಆಡುವಂಥ ಮೆಲುದನಿ ಹೊರಟಿತೆಂದು ಹಿರಿಯರು ಹೇಳುತ್ತ ಬಂದಿದ್ದಾರೆ:

"ನೀವು ತಂದ ತೆನೆ ಜೊಳ್ಳು, ನೀವು ತಂದ ಸ್ತೋತ್ರ ಗಟ್ಟಿಕಾಳು. ನನ್ನ ಮಗನು ಕಾಳನ್ನು ಸ್ವೀಕರಿಸಿದ್ದಾನೆ. ನಾನು ಇಲ್ಲಿಯೇ ಇದ್ದೇನೆ; ನೀವೂ ಇಲ್ಲಿಯೇ ಇರಿ."

ದೋಣಿಗೇರಿಸಿದ್ದ ಗಂಟುಮೂಟೆಗಳು ಕೆಳಗಿಳಿದವು. ಬಸ್ತ್ಯಾಂವನು ಆ ಸೀಳಿನ ಸುತ್ತ ಕಡಲು ಒಳನುಗ್ಗದಂತೆ ಎತ್ತರದ ಕಲ್ಲುಕಟ್ಟೆ ಕಟ್ಟಿಸಿದನು. ಮೊದಲ ಕೊಡವನ್ನು ಮಕ್ಕಳಿಗೆ ಹಂಚಲಾಯಿತು.

ಕೆಲಕಾಲದ ಮೇಲೆ ಮರಳಿದ ಪಾದ್ರಿಗಳು ಎಲ್ಲವನ್ನೂ ಕೇಳಿ ಆನಂದಬಾಷ್ಪ ಸುರಿಸಿದರಾದರೂ, ಅಮಾವಾಸ್ಯೆಯೆಂಬ ಮಾತು ಕಿವಿಗೆ ಬೀಳುತ್ತಲೇ ಹುಬ್ಬೇರಿಸಿದರು. ನಿಜವಾದ ಹಬ್ಬವು ಆ ಅಮಾವಾಸ್ಯೆಗೆ ಎಷ್ಟೋ ದಿನ ಮೊದಲೇ ಕಳೆದುಹೋಗಿತ್ತು. ಜ್ವರದ ದಿನಗಳ ಸಂಗತಿ ಆಗ ಬೆಳಕಿಗೆ ಬಂದಿತು. ಯಾವುದಕ್ಕೂ ಹಿಂಜರಿಯದ ಪಾವ್ಲಿನ್‌ಬಾಯಿ ಅಂದು ಮಾತ್ರ ಮೊಣಕಾಲೂರಿ, "ತಪ್ಪಾಯ್ತು ಪಾದ್ರಿಗಳೇ, ಮಾತೆಯ ದಿನವನ್ನೇ ನಾನು ತಪ್ಪಿಸಿದೆ," ಎಂದು ಗೊಳೋ ಎಂದು ಅತ್ತಳು.

ಪಾದ್ರಿಗಳು ದಡಕ್ಕೆ ಹೋಗಿ ನಿಂತರು. ನಿಜವಾದ ಹಬ್ಬದ ದಿನ ಯಾವ ತಿಥಿಯಿತ್ತೋ ಅಂದೂ ಅದೇ ತಿಥಿಯಾಗಿದ್ದು, ಇಳಿತವು ಅರ್ಧಕ್ಕೇ ನಿಂತು, ಕಲ್ಲುಕಟ್ಟೆಯ ಹೊರಮೈಯನ್ನು ಉಪ್ಪುನೀರು ಎದೆಮಟ್ಟ ತಬ್ಬಿಕೊಂಡಿತ್ತು. ದಿನ ತಪ್ಪದಿದ್ದರೆ ಬಂಡೆಯ ಆ ಬುಡವನ್ನು ಯಾರೂ ಕಾಣುತ್ತಿರಲಿಲ್ಲವೆಂಬುದು ಅವರಿಗೆ ಹೊಳೆಯಿತು. ಅವರು ಹಿಂತಿರುಗಿ ಬಂದು ಮುದುಕಿಯನ್ನು ಕೈಹಿಡಿದೆಬ್ಬಿಸಿ, "ಅಮ್ಮಾ, ಈ ಕುದ್ರುವಿನಲ್ಲಿ ಹಬ್ಬ ನಿನ್ನ ಹುರಿ ಹೇಳಿದ ದಿನವೇ ನಡೆಯಲಿ," ಎಂದರು.

ಆದಕಾರಣ ಇಂದಿಗೂ, ಸುತ್ತಲಿನ ಊರುಗಳೆಲ್ಲ ತೆನೆಹಬ್ಬ ಮುಗಿಸಿ ಪಾತ್ರೆ ತೊಳೆದಿಟ್ಟ ಮೇಲೆ, ಮುಂಬರುವ ಅಮಾವಾಸ್ಯೆಯಂದು ಬೆಳ್ಳಕ್ಕಿಕುದ್ರುವಿನಲ್ಲಿ ಹಬ್ಬದ ಗಂಟೆ ಮೊಳಗುತ್ತದೆ. ಹೊರಗಿನವರು ನಗುವುದುಂಟು, ಕುದ್ರುವಿನವರೂ ಅವರೊಡನೆ ನಗುತ್ತಾರೆ. ಬೆಳೆ ಎಷ್ಟೇ ಸಮೃದ್ಧವಾಗಿರಲಿ, ಪ್ರತಿ ಮನೆಯವರೂ ಗದ್ದೆಯೆಲ್ಲ ಹುಡುಕಿ ಒಂದು ಜೊಳ್ಳು ತೆನೆ ತಂದು ಮೊದಲು ಬಂಡೆಯ ಮೇಲಿಟ್ಟು, ಅನಂತರವೇ ತುಂಬಿದ ತೆನೆಗಳನ್ನು ಇಡುತ್ತಾರೆ. ಬಳಿಕ ಸಾಲಾಗಿ ಕಟ್ಟೆಯೊಳಗಿಳಿದು, ಬೆರಳದ್ದಿ, ಶಿಲುಬೆಯ ಗುರುತು ಹಾಕಿ, ತುದಿಗೆ ಮುತ್ತಿಡುತ್ತಾರೆ. ಕಟ್ಟೆಯ ಆಚೆ ಕಡಲು ಮೊರೆಯುತ್ತಿರುತ್ತದೆ. ದುಃಖ ಹೊತ್ತು ಬಂದ ಭಕ್ತರು ಕೆಲವರು ಅಲ್ಲಿಯೇ ಅಳುತ್ತಾರೆ, ಆಗ ತುಟಿಗೆ ಹತ್ತುವ ಉಪ್ಪು ಅವರದೇ ಕಣ್ಣಿನದು. ನೀರು ಇಂದಿಗೂ ಸಿಹಿಯಾಗಿದೆ.