ಕಣ್ಣು ಕಟ್ಟಿಕೊಂಡು ಕಲಿತ ಕಂಬದ ಪಾಠ

ಪರಮಪೂಜ್ಯ ಶ್ರೀ ಗುರುಬಾಯಿ ಅಮ್ಮನವರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿ ತುಂಬ ನಕ್ಕರು, ಅದೂ ನಾನು ಕೊಯ್ದ ಮರ ನೋಡಿ. ಆ ನಗೆ ಕಂಡವರು ನನ್ನ ಹೊರತು ಇನ್ನೂ ಏಳು ಜನ ಇದ್ದರು. ಏಳೂ ಜನ ಶಿವನ ಪಾದ ಸೇರಿದ್ದಾರೆ. ಆದ್ದರಿಂದ ಈಗ ನನ್ನ ಮಾತನ್ನೇ ನಂಬಬೇಕು, ಬೇರೆ ದಾರಿ ಇಲ್ಲ.

ನನಗೆ ಅಕ್ಷರ ಬರುವುದಿಲ್ಲ. ನಮ್ಮೂರ ಶಾಲೆಯ ಟೀಚರು ವನಮಾಲಾ ಮಠದ ಪುಸ್ತಕಕ್ಕಾಗಿ ಬರೆದುಕೊಳ್ಳುತ್ತಿದ್ದಾಳೆ. ನಾನು ಹೇಳಿದ ಹಾಗೇ ಬರಿ ತಂಗಿ, ಸೇರಿಸಬೇಡ, ತೆಗೆಯಬೇಡ ಎಂದು ಹೇಳಿದ್ದೇನೆ.

ವರದಾ ಹೊಳೆಯ ದಂಡೆಯ ಈ ಹೊಳೆಮುದ್ದಾಪುರದಲ್ಲಿ ಅಮ್ಮನವರ ಮಠ ಎಂದರೆ ಆಗ ಒಂದು ಗುಡಿಸಲು, ಒಂದು ಗದ್ದುಗೆ, ಒಂದು ಬೇವಿನ ಮರ, ಇಷ್ಟೇ. ಅಮ್ಮನವರು ಪೂರ್ವಾಶ್ರಮದಲ್ಲಿ ಬಡಿಗರ ಮನೆಯ ಮಗಳು. ಗಂಡುಮಕ್ಕಳಿಲ್ಲದ ತಂದೆ ಮಗಳ ಕೈಗೇ ಉಳಿ ಕೊಟ್ಟು ಬೆಳೆಸಿದ್ದರಂತೆ. ಕಾವಿ ಉಟ್ಟ ಮೇಲೂ ಅವರು ಉಳಿಯನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಬೇವಿನ ಮರದ ಕೆಳಗೆ, ಮರದ ಚಕ್ಕೆಗಳ ಮೇಲೆಯೇ ಕುಳಿತು ಯಾರದೋ ಕುಂಟೆ, ಯಾರದೋ ತೊಟ್ಟಿಲು ರಿಪೇರಿ ಮಾಡಿಕೊಡುತ್ತಿದ್ದರು. ದರ್ಶನಕ್ಕೆ ಬಂದವರಿಗೆ ಗುರುಗಳು ಯಾರು, ಬಡಿಗರು ಯಾರು ಎಂದು ತಿಳಿಯುತ್ತಿರಲಿಲ್ಲ.

ಒಂದು ವರ್ಷ ಗೆದ್ದಲು ತಿಂದಿದ್ದ ದಾಸೋಹದ ಚಪ್ಪರ ಗಾಳಿಗೆ ಮಲಗಿಬಿಟ್ಟಿತು. ಭಕ್ತರು ಮತ್ತಿ ಮರದ ದಿಮ್ಮಿ ತಂದು ಹಾಕಿದರು, ದೊಡ್ಡ ಬಡಿಗರನ್ನು ಕರೆಸೋಣ ಎಂದರು. ಅಮ್ಮನವರು ತಲೆ ಎತ್ತದೆ ಉಳಿ ಮಸೆಯುತ್ತಲೇ ಒಂದು ಮಾತು ಹೇಳಿದರು.

"ಉಣ್ಣೋರು ಕಟ್ಟಲಿ."

ಅಷ್ಟೇ ಅಪ್ಪಣೆ. ಮರ ಮುಟ್ಟಿ ಗೊತ್ತಿಲ್ಲದವರೇ ಬರಬೇಕು, ಹನ್ನೊಂದು ದಿನ ಕಲಿಯಬೇಕು, ಹನ್ನೊಂದನೆಯ ದಿನ ಕಂಬ ನಿಲ್ಲಿಸಬೇಕು. ಈಗಿನವರು ಇದಕ್ಕೆ ಶಿಬಿರ ಅನ್ನುತ್ತಾರೆ, ಕಮ್ಮಟ ಅನ್ನುತ್ತಾರೆ. ನಾವು ಪಾಠ ಎಂದೆವು. ಏಳು ಜನ ಸೇರಿದೆವು. ಕುಂಬಾರ ದ್ಯಾಮಣ್ಣ ಬಂದ, ದಾಸೋಹಕ್ಕೆ ರೊಟ್ಟಿ ಬಡಿಯುವ ಯಂಕವ್ವ ಬಂದಳು, ನಾನು ಬಂದೆ. ನಾನು ಎತ್ತಿಗೆ ಲಾಳ ಕಟ್ಟುವವನು. ನಾನು ಲಾಳ ಕಟ್ಟಿದ ಒಂದು ಎತ್ತು ಹಾವೇರಿಯಿಂದ ಹುಬ್ಬಳ್ಳಿಗೆ ನೀರು ಸಹ ಕೇಳದೆ ಹೋಗಿತ್ತು. ಅದಿರಲಿ.

ಮೊದಲ ಮೂರು ದಿನ ಅಮ್ಮನವರು ಮರವನ್ನೇ ಮುಟ್ಟಗೊಡಲಿಲ್ಲ. ಕಲ್ಲು, ನೀರು, ಉಳಿ. ಮಸೆ, ಮಸೆ. ಮುಂಗೈ ಕೂದಲು ಬೋಳಿಸುವಷ್ಟು ಹರಿತವಾದ ಮೇಲೆಯೇ ಮುಂದಿನ ಪಾಠ. ಆಮೇಲೆ ಕೆಮ್ಮಣ್ಣಿನ ದಾರ ಎಳೆದು ಮರದ ಮೇಲೆ ಗೆರೆ ಹೊಡೆಯುವುದು ಕಲಿಸಿದರು. ಕೊಯ್ದ ಮೇಲೂ ಗೆರೆ ಮರದ ಮೇಲೆ ಉಳಿದಿರಬೇಕು, ಗರಗಸ ಗೆರೆಯನ್ನು ತಿನ್ನಬಾರದು ಎಂಬುದು ಅವರ ಕಟ್ಟಪ್ಪಣೆ. ಕಂಬದ ತಲೆಯ ಮೇಲೆ ಒಂದು ನಾಲಿಗೆ ಬಿಡಬೇಕು, ತೊಲೆಯ ಹೊಟ್ಟೆಯಲ್ಲಿ ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಉಳಿ ಬಡಿದು ಅದಕ್ಕೆ ತಕ್ಕ ಬಾಯಿ ತೆಗೆಯಬೇಕು, ನಾಲಿಗೆ ಬಾಯೊಳಗೆ ಕೂತ ಮೇಲೆ ಅಡ್ಡಲಾಗಿ ಬಿದಿರಿನ ಮೊಳೆ. ಕಬ್ಬಿಣದ ಒಂದು ಚೂರೂ ಇಲ್ಲ. ಮರವೇ ಮರವನ್ನು ಹಿಡಿದುಕೊಳ್ಳಬೇಕು.

ಇಂಥ ಪಾಠ ನಡೆದಿರುವಾಗ ಐದನೆಯ ದಿನ ಮೋನಪ್ಪ ಬಡಿಗೇರರು ಬಂದರು. ಸುತ್ತ ನಲವತ್ತು ಹಳ್ಳಿಯಲ್ಲಿ ಬಾಗಿಲ ಚೌಕಟ್ಟು ಕೂರಿಸಬೇಕಾದರೆ ಮೋನಪ್ಪನವರೇ ಬರಬೇಕು, ಅಂಥ ಹೆಸರು. ಅರವತ್ತರ ಹತ್ತಿರದ ವಯಸ್ಸು, ಬಿಗಿಯಾಗಿ ಸುತ್ತಿದ ರುಮಾಲು, ಕಂಕುಳಲ್ಲಿ ತಮ್ಮ ಸಾಮಾನಿನ ಚೀಲ. ಅಮ್ಮನವರಿಗೆ ಕೈಯನ್ನೂ ಮುಗಿಯದೆ ಕಟ್ಟೆಯ ಮೇಲೆ ಕುಳಿತರು.

"ಬಡಿಗತನ ಹನ್ನೊಂದು ದಿನಕ್ಕ ಬರೂದಾದ್ರ ನಮ್ಮ ಮನ್ಯಾಗ ಹನ್ನೆರಡು ತಲಿಮಾರು ಏನು ಮಾಡ್ಯಾರ, ಕೊಡತಿ ಹಿಡಕೊಂಡು ಕುಂತಿದ್ರೇನು?"

ಅಮ್ಮನವರು ಮಜ್ಜಿಗೆ ಕೊಡಿಸಿದರು.

ಅಂದಿನಿಂದ ದಿನಾ ಬಂದರು. ಬಂದು ಕಟ್ಟೆಯ ಮೇಲೆ ಕುಳಿತು ನಮ್ಮನ್ನು ಗೇಲಿ ಮಾಡುವುದೇ ಕೆಲಸ. ಯಂಕವ್ವನಿಗೆ, ಉಳಿ ಹಿಡಿಯುವುದೆಂದರೆ ಹೆಂಚಿನ ಮೇಲೆ ರೊಟ್ಟಿ ತಿರುವಿದ ಹಾಗಲ್ಲ ಎಂದರು. ಯಂಕವ್ವ ಸುಮ್ಮನಿರುವವಳಲ್ಲ, ನಿಮ್ಮ ಕೈಯಿಂದ ಒಂದು ರೊಟ್ಟಿ ದುಂಡಗೆ ಬಡಿದು ತೋರಿಸಿರಿ, ಆಮೇಲೆ ನಾನು ಉಳಿ ಕೆಳಗಿಡುತ್ತೇನೆ ಎಂದಳು. ಏಳನೆಯ ದಿನ ನಾನು ನನ್ನ ಮೊದಲ ಜೋಡಣೆ ಮುಗಿಸಿ, ಕೂದಲೆಳೆ ಸಹ ತೂರುವುದಿಲ್ಲ ಎಂದು ಎಲ್ಲರಿಗೂ ಕೂಗಿ ಹೇಳಿದೆ. ಮೋನಪ್ಪನವರು ಎದ್ದು ಬಂದು, ಸಂದಿಯ ಮೇಲೆ ಹೆಬ್ಬೆರಳು ಆಡಿಸಿ ಹೇಳಿದರು:

"ದುಂಡೆಪ್ಪಾ, ಇದರಾಗ ಇಲಿ ಬಂದು ಸಂಸಾರ ಹೂಡಿ, ಮಕ್ಕಳ ಮದಿವಿನೂ ಮಾಡಬಹುದು."

ಆಗಲೇ ಅಮ್ಮನವರು ಬಾಯಿ ತುಂಬ ನಕ್ಕದ್ದು. ಬೇವಿನ ಮರದ ಗುಬ್ಬಿಗಳು ಹಾರಿಹೋದವು. ನಗುತ್ತಿದ್ದ ಅಮ್ಮನವರು ಥಟ್ಟನೆ ನಗೆ ನಿಲ್ಲಿಸಿ ಮೋನಪ್ಪನವರ ಹೆಬ್ಬೆರಳನ್ನೇ ನೋಡುತ್ತ ಕುಳಿತರು. ಯಾಕೆ ನೋಡಿದರೆಂದು ನಮಗೆ ತಿಳಿಯಲಿಲ್ಲ. ಸಂದಿಯನ್ನು ಮೋನಪ್ಪನವರು ಕಣ್ಣಿನಿಂದ ನೋಡಿರಲೇ ಇಲ್ಲ, ಬೆರಳಿನಿಂದಲೇ ನೋಡಿದ್ದರು.

ಓದುವವರು ಗೊಂದಲಪಡಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಮೋನಪ್ಪನವರ ಎರಡೂ ಕಣ್ಣು ಹೋಗುತ್ತಿದ್ದವು. ಎರಡು ವರ್ಷದಿಂದ ಮಂಜು ಕವಿದ ಹಾಗೆ ಆಗಿ, ಆ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ವೈದ್ಯರು ಕೈ ಚೆಲ್ಲಿದ್ದರು. ಹೆಂಡತಿಗೂ ಹೇಳಿರಲಿಲ್ಲ. ಗೊತ್ತಾದರೆ ನಲವತ್ತು ಹಳ್ಳಿಯವರು ಬೇರೆ ಬಡಿಗನನ್ನು ಕರೆಯುತ್ತಾರೆ, ಬಡಿಗತನ ಹೋದರೆ ತಾನು ಮನುಷ್ಯನಾಗಿ ಉಳಿಯುವುದಿಲ್ಲ ಎಂಬ ಭಯ. ಅದನ್ನೆಲ್ಲ ಗೇಲಿ ಮಾತಿನಲ್ಲಿ ಮುಚ್ಚಿಕೊಂಡು ಓಡಾಡುತ್ತಿದ್ದರು. ಹೊಸಬರ ಪಾಠ ಕೇಳಲು ದಿನಾ ಬರುತ್ತಿದ್ದದ್ದೂ ಅದಕ್ಕೇ, ಉಳಿಯ ಸದ್ದು ಬಿಟ್ಟಿರಲಾರದೆ.

ಒಂಬತ್ತನೆಯ ದಿನ ನಡುಗಂಬಕ್ಕೆ ಗೆರೆ ಹೊಡೆಯಬೇಕಿತ್ತು. ಮೋನಪ್ಪನವರು ಎದ್ದು, ಇದು ನಿಮ್ಮಂಥವರ ಕೆಲಸವಲ್ಲ, ನಾನು ಹೊಡೆದುಕೊಡುತ್ತೇನೆ ಎಂದು ದಾರ ಕಸಿದುಕೊಂಡರು. ದಾರ ಎಳೆದು ಬಿಟ್ಟರು, ಟಪ್ ಎಂದು ಕೆಂಪು ಗೆರೆ ಬಿತ್ತು, ಚಾಕುವಿನಿಂದ ಸೀಳಿದ ಹಾಗೆ ನೇರ. ಅಳತೆಕೋಲಿಟ್ಟು ಒಂದು ಕೊನೆಗೆ ನಾಲಿಗೆಯ ಗುರುತು ಮಾಡಿದರು. ನಾವು ಬೆರಗಾದೆವು. ಆದರೆ ಕುಂಬಾರ ದ್ಯಾಮಣ್ಣ ಕೆಮ್ಮಿ, ಮೆಲ್ಲಗೆ ಹೇಳಿಬಿಟ್ಟ:

"ಕಾಕಾ, ಬುಡಾ ಮ್ಯಾಲ ಆತಲ್ಲ."

ಕಂಬ ಮಾಡುವವರಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಮರ ಕಾಡಿನಲ್ಲಿ ಹೇಗೆ ನಿಂತಿತ್ತೋ ಮನೆಯಲ್ಲೂ ಹಾಗೇ ನಿಲ್ಲಬೇಕು, ಬೇರಿನ ಕಡೆ ಕೆಳಗೆ, ತುದಿಯ ಕಡೆ ಮೇಲೆ. ತಲೆಕೆಳಗಾದ ಕಂಬದ ಕೆಳಗೆ ಕೂತು ಯಾರೂ ಊಟ ಮಾಡುವುದಿಲ್ಲ. ಇದು ನಮಗೆ ಮೊದಲ ದಿನವೇ ಹೇಳಿಕೊಟ್ಟ ಮಾತು. ಹನ್ನೆರಡು ತಲೆಮಾರಿನ ಮೋನಪ್ಪನವರು ಬೇರಿನ ಕಡೆ ನಾಲಿಗೆಯ ಗುರುತು ಹಾಕಿ ಆ ತಪ್ಪು ಮಾಡಿದ್ದರು. ಗರಗಸದಿಂದ ಸಮ ಕೊಯ್ದ ದಿಮ್ಮಿ, ಎರಡೂ ಕಡೆ ಒಂದೇ ದಪ್ಪ. ದಿಮ್ಮಿಯ ಕೊನೆಯಲ್ಲಿ ಮರದ ಎಳೆ ನೋಡಿಯೇ ಬುಡ ತುದಿ ತಿಳಿಯಬೇಕು. ಆ ಎಳೆ ಅವರಿಗೆ ಕಂಡಿರಲಿಲ್ಲ.

ಮೋನಪ್ಪನವರ ಮುಖ ಬೂದಿಯಾಯಿತು. ನಿಮ್ಮನ್ನು ಪರೀಕ್ಷೆ ಮಾಡಲಿಕ್ಕೇ ಹಾಗೆ ಮಾಡಿದೆ ಎಂದು ದಾರ ಎಸೆದರು. ತಮ್ಮ ಚೀಲ ಎತ್ತಿಕೊಳ್ಳಲು ಬಗ್ಗಿದರು. ಚೀಲದಿಂದ ಒಂದು ಗೇಣು ಆಚೆ ನೆಲವನ್ನು ಅವರ ಕೈ ತಡಕಾಡಿತು. ಅದು ಯಾಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಅಮ್ಮನವರು ಎದ್ದು ಚೀಲವನ್ನು ಅವರ ಕೈಗಿತ್ತು, ನಾಳೆ ಒಂದು ದಿನ ತಪ್ಪಿಸಬೇಡಿರಿ ಎಂದಷ್ಟೇ ಹೇಳಿದರು.

ಮಾರನೆಯ ಬೆಳಿಗ್ಗೆ ಮೋನಪ್ಪನವರು ಬಂದರು. ಯಾಕೆ ಬಂದರೋ ಅವರಿಗೇ ಗೊತ್ತಿರಲಿಲ್ಲ ಎಂದು ಆಮೇಲೆ ಹೇಳಿದ್ದರು. ಅಮ್ಮನವರು ತಮ್ಮ ಎರಡು ಸೀರೆಗಳಲ್ಲಿ ಒಂದನ್ನು ಉದ್ದುದ್ದ ಹರಿದಿಟ್ಟುಕೊಂಡಿದ್ದರು. ನಮ್ಮನ್ನು ಸಾಲಾಗಿ ನಿಲ್ಲಿಸಿ ಏಳೂ ಜನರ ಕಣ್ಣಿಗೆ ತಾವೇ ಬಟ್ಟೆ ಕಟ್ಟಿದರು. ಕೊನೆಯ ಪಟ್ಟಿಯನ್ನು ತಮ್ಮ ಕಣ್ಣಿಗೇ ಕಟ್ಟಿಕೊಂಡರು. ಆಮೇಲೆ ಆ ದಿವ್ಯವಾಣಿ ಕೇಳಿಸಿತು, ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಮೋನಪ್ಪಣ್ಣಾ, ಈಗ ಇಲ್ಲಿ ಕಣ್ಣಿದ್ದವರು ಯಾರೂ ಇಲ್ಲ. ಪಾಠಾ ಸುರು ಮಾಡ್ರಿ."

ಗಾಳಿ ನಿಂತಿತು. ವರದಾ ಹೊಳೆಯ ನೀರು ಹರಿಯುವುದು ನಿಂತಿತು ಎಂದರೂ ತಪ್ಪಿಲ್ಲ. ಮೋನಪ್ಪನವರು ಅಮ್ಮನವರ ಕಡೆಗೆ ಮುಖ ಮಾಡಿ ಕಂಬದಂತೆ ನಿಂತುಬಿಟ್ಟರು. ರುಮಾಲು ತೆಗೆದು ಎದೆಗೆ ಹಿಡಿದುಕೊಂಡರು. ಕಣ್ಣಿಂದ ನೀರು ಇಳಿದು ಮೀಸೆಯಲ್ಲಿ ನಿಂತಿತು. ಅವರು ಮೊಣಕಾಲೂರಿ ನೆಲ ತಡವುತ್ತ ಬಂದು ಅಮ್ಮನವರ ಪಾದದ ಮುಂದೆ ಬಾಗಿದರು. ಪಾದ ಇನ್ನೂ ಮುಟ್ಟಿರಲಿಲ್ಲ. ಅಷ್ಟರಲ್ಲಿ ಅಮ್ಮನವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದ ಅಮ್ಮನವರು, ಎಳ್ಳಷ್ಟೂ ತಡವದೆ ಕೈ ಚಾಚಿ ನೆಟ್ಟಗೆ ಅವರ ನೆತ್ತಿಯ ಮೇಲೆ ಇಟ್ಟರು. ಆ ಹೊತ್ತಿಗೆ ಅಮ್ಮನವರ ಮುಖದ ಮೇಲೆ ಇದ್ದ ಕಳೆಯನ್ನು ನಾನು ವರ್ಣಿಸಲಾರೆ. ಬಿಸಿಲು ಬೇವಿನ ಎಲೆಯ ಸಂದಿಯಿಂದ ಅವರೊಬ್ಬರ ಮೇಲೆಯೇ ಬಿದ್ದಿತ್ತು.

ಮೋನಪ್ಪನವರು ಎದ್ದರು. ಅವರು ಮಾತನಾಡಿದಾಗ ಅದರಲ್ಲಿ ಗೇಲಿ ಇರಲಿಲ್ಲ.

"ದ್ಯಾಮಣ್ಣಾ, ನಿನ್ನ ಕೈ ಕೊಡಪಾ."

ಕುಂಬಾರನ ಅಂಗೈಯನ್ನು ಹಿಡಿದು ಕಂಬದ ಉದ್ದಕ್ಕೂ ಸವರಿಸಿದರು. ಬುಡದಿಂದ ತುದಿಗೆ ಹೋದರೆ ಬೆಕ್ಕಿನ ಬೆನ್ನು ಸವರಿದ ಹಾಗೆ ನಯ. ತುದಿಯಿಂದ ಬುಡಕ್ಕೆ ಬಂದರೆ ಅಂಗೈಗೆ ಸಣ್ಣಗೆ ತೊಡರುತ್ತದೆ. ಹಗ್ಗ ಹಾಕಿ ನಟ್ಟನಡುವೆ ಎತ್ತಿಸಿದರು. ಭಾರವಾಗಿ ವಾಲಿದ ಕಡೆ ಬೇರಿನ ಕಡೆ. ನಿನ್ನೆ ಸೊಕ್ಕಿನಲ್ಲಿ ಇದನ್ನು ಮಾಡಲಿಲ್ಲ, ಕಣ್ಣಿದೆ ಎಂದು ತೋರಿಸಲು ಹೋಗಿ ಕೈಯನ್ನು ಮರೆತೆ ಎಂದು ಎಲ್ಲರ ಎದುರು ಒಪ್ಪಿಕೊಂಡರು. ತಮ್ಮ ಕಣ್ಣು ಹೋಗಿದೆಯೆಂಬುದನ್ನೂ ಅವರು ಬಾಯಿಬಿಟ್ಟು ಹೇಳಿದ್ದು ಆಗಲೇ. ಯಂಕವ್ವ ಅಳುತ್ತಿದ್ದಳು.

ಕಂಬವನ್ನು ತಿರುಗಿಸಿ ಹೊಸದಾಗಿ ಗುರುತು ಮಾಡಿಸಿದರು. ಕೆಂಪು ಗೆರೆ ಬೆರಳಿಗೆ ಸಿಗುವುದಿಲ್ಲವಾದ್ದರಿಂದ ಉಳಿಯ ಮೂಲೆಯಿಂದ ಗೀರಿದರು. ಗೀರಿನಲ್ಲಿ ಉಗುರು ಕೂರುತ್ತದೆ, ಉಗುರು ಕೂತಲ್ಲಿ ಉಳಿ ಕೂರುತ್ತದೆ. ಕೊಡತಿ ಬಿದ್ದ ಸದ್ದಿನಲ್ಲೇ ಉಳಿ ಎಷ್ಟು ಇಳಿಯಿತು ಎಂದು ಹೇಳಿದರು. ದುಂಡೆಪ್ಪಾ, ನಿನ್ನ ಉಳಿ ಎಡಕ್ಕ ವಾಲೈತಿ ಎಂದು ಹತ್ತು ಮಾರು ದೂರದಿಂದ ತಿದ್ದಿದರು. ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಸಿದ್ಧವಾಯಿತು, ತೊಲೆಯ ಬಾಯಿ ಸಿದ್ಧವಾಯಿತು. ಎರಡನ್ನೂ ನೆಲದ ಮೇಲೆ ಎದುರುಬದುರು ಇಟ್ಟು ಕೊಡತಿಯಿಂದ ಬಡಿದೆವು. ಟೊಕ್, ಟೊಕ್ ಎಂದು ಟೊಳ್ಳಾಗಿ ಕೇಳುತ್ತಿದ್ದ ಸದ್ದು ಒಂದು ಏಟಿಗೆ ಧಮ್ ಎಂದು ಗಟ್ಟಿಯಾಯಿತು.

"ಕುಂತ್ತು," ಎಂದರು ಮೋನಪ್ಪನವರು.

ಬಟ್ಟೆ ಬಿಚ್ಚಿ ನೋಡಿದೆವು. ಮರ ಮರದಲ್ಲಿ ಕರಗಿದ ಹಾಗೆ ಕೂತಿತ್ತು. ದ್ಯಾಮಣ್ಣ ತನ್ನ ತಲೆಯಿಂದ ಒಂದು ಕೂದಲು ಕಿತ್ತು ತೂರಿಸಲು ನೋಡಿದ, ಆಗಲಿಲ್ಲ. ಹನ್ನೊಂದನೆಯ ದಿನ ಊರವರೆಲ್ಲ ಹಗ್ಗ ಹಿಡಿದು ಕಂಬ ಎತ್ತಿದರು. ಅದು ಈಗಲೂ ನಿಂತಿದೆ, ನಾವು ಕೂತಿರುವುದು ಅದರ ನೆರಳಿನಲ್ಲೇ.

ಮೋನಪ್ಪನವರು ಮನೆಗೆ ಹೋಗಿ ಹೆಂಡತಿಗೆ ನಿಜ ಹೇಳಿದರು. ಆಮೇಲೆ ಹದಿನೆಂಟು ವರ್ಷ ಈ ಮಠದ ಕಟ್ಟೆಯ ಮೇಲೆ ಕುಳಿತು ಹೊಸಬರಿಗೆ ಕಲಿಸಿದರು. ನಲವತ್ತು ಹಳ್ಳಿಯ ಹುಡುಗರು, ಹೆಂಗಸರು ಬಂದು ಕಲಿತರು. ಯಾರೇ ಬರಲಿ, ಮೊದಲು ಕಣ್ಣಿಗೆ ಬಟ್ಟೆ ಕಟ್ಟಿಸುತ್ತಿದ್ದರು. ಕಣ್ಣು ಹೋದ ಮೇಲೆ ನನಗೆ ಗುರು ಕಂಡರು ಎಂದು ಹೇಳುವಾಗಲೆಲ್ಲ ತಮ್ಮ ನೆತ್ತಿಯನ್ನು ತಾವೇ ಮುಟ್ಟಿಕೊಳ್ಳುತ್ತಿದ್ದರು. ಅಮ್ಮನವರ ಆ ಹಸ್ತ ನೆತ್ತಿಯ ಮೇಲೆ ಇಳಿದದ್ದನ್ನು ಈ ಕಣ್ಣಾರೆ ಕಂಡ ಭಾಗ್ಯ, ಕಾವಿಯ ಆ ಕಳೆ, ಮೀಸೆಯಲ್ಲಿ ನಿಂತ ಆ ನೀರು, ಇದು ಇಡೀ ಜಿಲ್ಲೆಯಲ್ಲಿ ನನಗೊಬ್ಬನಿಗೇ ಸಿಕ್ಕದ್ದು.

ಇಲ್ಲಿ ವನಮಾಲಾ ಬರೆಯುವುದನ್ನು ನಿಲ್ಲಿಸಿದಳು. ಹಾಳೆಯನ್ನು ಹಿಂದಕ್ಕೆ ತಿರುವಿ ಒಂದು ಸಲ ಓದಿದಳು.

"ಅಜ್ಜಾ, ಏಳೂ ಮಂದಿ ಕಣ್ಣಿಗೆ ಬಟ್ಟಿ ಕಟ್ಟಿತ್ತು. ಅಮ್ಮಾವ್ರ ಕಣ್ಣಿಗೂ ಕಟ್ಟಿತ್ತು. ಮೋನಪ್ಪನವರಿಗೆ ಕಾಣತಿದ್ದಿಲ್ಲ. ಮತ್ತ ನೀವು ಹೆಂಗ ನೋಡಿದ್ರಿ?"

ಕಂಬದ ಸುತ್ತ ಕೇಳುತ್ತ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಭುಜ ಹಾರಿಸಿದೆ.

"ಅಮ್ಮಾವ್ರಿಗೆ ಇದ್ದದ್ದು ಎರಡ ಸೀರಿ ಅಲ್ಲೇನವಾ, ಒಗದು ಒಗದು ಭಾಳ ತೆಳ್ಳಗಾಗಿದ್ದವು."