ಬಳ್ಳಿಯಿಲ್ಲದ ತಟ್ಟೆ

ಹೊಳೆದಂಡೆಯ ಆಶ್ರಮವದು. ಕಾಲೇಜಿನ ಮೊದಲ ವರ್ಷದ ಹುಡುಗರು ಅಲ್ಲೇ ಉಳಿದು, ಕಣ್ಣಿಗೆ ಕಾಣದ ಜೀವಾಣುಗಳ ವಿದ್ಯೆ ಕಲಿಯುತ್ತಿದ್ದರು. ಗುರು ಚೆನ್ನವೀರಯ್ಯನವರು. ಮಾತು ಕಡಿಮೆ.

ಅವರ ಪಾಲಿನ ಮಾತನ್ನೂ ಸೇರಿಸಿ ಆಡಲು ಶಿಷ್ಯ ಹುಲುಗಪ್ಪನಿದ್ದ. ಊರಿಗೇ ಮೊದಲ ವಿಜ್ಞಾನದ ಹುಡುಗ. ಎದೆಯುಬ್ಬಿಸಿ ನಡೆದರೆ ಬಾಗಿಲು ಸಾಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವನು ಗಾಜಿನ ತಟ್ಟೆಯೊಂದನ್ನು ಹಿಡಿದು ಓಡಿ ಬಂದ. ತಟ್ಟೆಯ ತುಂಬ ರೋಗಾಣು ಕೆನೆಗಟ್ಟಿದಂತೆ ಬೆಳೆದಿತ್ತು. ನಡುವೆ ಒಂದು ಕಾಗದದ ಬಿಲ್ಲೆ. ಬಿಲ್ಲೆಯ ಸುತ್ತ ಮಾತ್ರ ಏನೂ ಬೆಳೆಯದೆ ತಿಳಿಯಾದ ಉಂಗುರ.

"ನೋಡ್ರಿ ಗುರುಗಳೇ! ನಮ್ಮೂರ ಗುಡ್ಡದ ಬಳ್ಳಿ! ಅಜ್ಜ ಮುತ್ತಜ್ಜ ಗಾಯಕ್ಕ ಹಚ್ಚತಿದ್ರು. ಎಲೆ ಅರೆದು ಸ್ಪಿರಿಟ್ಟಿನಾಗ ನೆನೆಹಾಕಿ, ಆ ರಸದಾಗ ಬಿಲ್ಲೆ ಅದ್ದಿ ಇಟ್ಟೆ. ಸುತ್ತಮುತ್ತ ಒಂದ್ ಹುಳ ಉಳಿದಿಲ್ಲ! ಈ ಮದ್ದು ಕಂಡುಹಿಡಿದೋನು ಯಾರು ಅಂದ್ರ, ನಾಳೆ ಪುಸ್ತಕದಾಗ ಹುಲುಗಪ್ಪ ಅಂತ ಬರೀಬೇಕು!"

"ಉಂಗುರ ಚೆನ್ನಾಗಿದೆ," ಅಂದರು ಗುರುಗಳು. "ಬಳ್ಳಿಯಿಲ್ಲದ ತಟ್ಟೆ ಎಲ್ಲಿ?"

"ಬಳ್ಳಿ ಇಲ್ಲದ್ದು ಯಾಕ್ರಿ? ಬೀಜ ಹಾಕದೇ ಯಾರಾದ್ರೂ ಹೊಲದಾಗ ಕೂರಿಗೆ ಹೊಡೀತಾರೇನ್ರಿ?"

ಗುರುಗಳು ಎದ್ದು ಹೋಗಿ ಒಂದು ಹೊಸ ತಟ್ಟೆ ತಂದು ಅವನ ಕೈಗಿಟ್ಟರು.

"ಅದಕ್ಕೆ ಏನೇನು ಮಾಡಿದೆಯೋ ಇದಕ್ಕೂ ಎಲ್ಲ ಮಾಡು. ಬಳ್ಳಿಯೊಂದನ್ನು ಬಿಡು."

"ನಾಳೆ ಬೆಳಿಗ್ಗೆ ನಮ್ಮೂರೋರು ಟ್ರ್ಯಾಕ್ಟರ್ ಮಾಡ್ಕೊಂಡು ನೋಡಾಕ ಬರಾಕತ್ಯಾರ್ರಿ. ಫೋನ್ ಮಾಡಿ ಹೇಳಿಬಿಟ್ಟೀನಿ!"

"ಒಳ್ಳೆಯದು. ಅಷ್ಟರಲ್ಲಿ ಇದೂ ಬೆಳೆದಿರುತ್ತದೆ."

ಹುಲುಗಪ್ಪ ಗೊಣಗಿದ. ಆದರೆ ಕೈಹಾಕಿದ ಕೆಲಸವನ್ನು ಅರ್ಧಂಬರ್ಧ ಮಾಡುವ ಪೈಕಿ ಅವನಲ್ಲ. ಅದೇ ರೋಗಾಣು, ಅದೇ ಸ್ಪಿರಿಟ್, ಅದೇ ಅಳತೆಯ ಬಿಲ್ಲೆ, ಅದೇ ಅವಸರ.

ಬೆಳಿಗ್ಗೆ ಎದ್ದವನೇ ತಟ್ಟೆಗಳನ್ನಿಟ್ಟಿದ್ದ ಬೆಚ್ಚನೆಯ ಪೆಟ್ಟಿಗೆ ತೆರೆದ.

ಬಳ್ಳಿಯಿಲ್ಲದ ತಟ್ಟೆಯಲ್ಲೂ ಉಂಗುರ ಬಿದ್ದಿತ್ತು.

ಸ್ಕೇಲ್ ಹಿಡಿದು ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಎರಡೂ ಕಡೆ ಕೊಂದದ್ದು ಸ್ಪಿರಿಟ್. ಎರಡು ಸಲವೂ ಬಿಲ್ಲೆಯ ಸ್ಪಿರಿಟ್ ಆರುವ ಮೊದಲೇ ತಟ್ಟೆಯಲ್ಲಿ ಇಟ್ಟುಬಿಟ್ಟಿದ್ದ.

ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಪಕ್ಕದಲ್ಲೇ ಬ್ಲೀಚಿಂಗ್ ನೀರಿನ ಬಕೆಟ್ಟು. ಕೆಲಸ ಮುಗಿದ ತಟ್ಟೆಗಳೆಲ್ಲ ಮುಳುಗುತ್ತಿದ್ದದ್ದು ಅದರಲ್ಲೇ. ಬಳ್ಳಿಯಿಲ್ಲದ ತಟ್ಟೆ ಹಿಡಿದ ಕೈ ಬಕೆಟ್ಟಿನ ಮೇಲಕ್ಕೆ ಬಂತು.

ಗುರುಗಳು ಜಗಲಿಯಲ್ಲಿ ಹೊಳೆಯ ಕಡೆ ಮುಖ ಮಾಡಿ ಕೂತಿದ್ದರು.

"ಗುರುಗಳೇ, ಈ ತಟ್ಟೆ ಇನ್ನೂ ಯಾರೂ ನೋಡಿಲ್ರಿ."

ಅವರು ತಿರುಗಲಿಲ್ಲ.

"ನೀನು?"

ಕೈ ನಿಂತಲ್ಲೇ ನಿಂತಿತು. ನೋಡಿದ ಸಾಕ್ಷಿ ಒಬ್ಬನೇ, ಹುಲುಗಪ್ಪ. ಅವನೋ, ಸುತ್ತ ಹತ್ತೂರಿಗೆ ಬಾಯಿ ದೊಡ್ಡವನು.

ಟ್ರ್ಯಾಕ್ಟರ್ ಬಂದು ನಿಂತಿತು. ಹುಲುಗಪ್ಪನ ಸೋದರಮಾವ ದುರುಗಪ್ಪ ಹಾರ ಹಿಡಿದು ಮುಂದೆ ಬಂದ. ಹಿಂದೆ ಟ್ರ್ಯಾಕ್ಟರ್ ತುಂಬ ಜನ.

"ಎಲ್ಲೈತೋ ಅಳಿಯಾ, ನಮ್ಮ ಬಳ್ಳಿ ಪ್ರತಾಪ?"

ಹುಲುಗಪ್ಪ ಎರಡೂ ತಟ್ಟೆಗಳನ್ನು ಮೇಜಿನ ಮೇಲಿಟ್ಟ.

"ಎರಡರಾಗೂ ಉಂಗುರ! ಡಬಲ್ ಪ್ರತಾಪ ಬಿಡೋ!"

"ಇಲ್ಲ ಮಾವ. ಇದರಾಗ ಬಳ್ಳಿ, ಸ್ಪಿರಿಟ್ ಎರಡೂ ಐತಿ. ಅದರಾಗ ಬರೇ ಸ್ಪಿರಿಟ್."

ದುರುಗಪ್ಪ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದ.

"ಅಂದ್ರ ನಮ್ಮ ಬಳ್ಳಿ ಗಾಡಿ ಕೆಳಗಿನ ನಾಯಿ ಅನ್ನು! ಎಳದದ್ದು ಎತ್ತು, ತೇಕಿದ್ದು ನಾಯಿ."

ಹಿಂದೆ ಯಾರೋ ಕಿಸಕ್ಕೆಂದರು. ಮಾವನ ಮುಖ ಕಪ್ಪಿಟ್ಟಿತು.

"ಮಾನ ತೆಗಿಯಾಕ ಇಷ್ಟು ದೂರ ಕರೆಸಿದಿಯೇನೋ? ಎರಡನೇದು ಬಚ್ಚಿಟ್ಟಿದ್ರ ನಿಮ್ಮಪ್ಪನ ಗಂಟೇನ್ ಹೋಗ್ತಿತ್ತು?"

ಹುಲುಗಪ್ಪ ಎದೆ ಸೆಟೆಸಿದ.

"ಬಚ್ಚಿಟ್ಟಿದ್ರ ನಾಳೆ ಪರವೂರೋನು ಯಾವನೋ ಬಂದು ಹಿಡೀತಿದ್ದ. ಆಗ ಹೋಗ್ತಿತ್ತು ಮಾನ. ಈಗ ಹಿಡಿದೋನು ಯಾರು ಮಾವ? ನಾನು! ಸಿಕ್ಕಿಬಿದ್ದೋನೂ ನಾನೇ. ನನಗ ಟೋಪಿ ಹಾಕಾಕ ನನಗೇ ಆಗಲಿಲ್ಲ ಅಂದಮ್ಯಾಲ, ಮೂರು ಲೋಕದಾಗ ಇನ್ಯಾರಿಂದ ಆದೀತು?"

ಟ್ರ್ಯಾಕ್ಟರಿನ ಜನ ಹೋ ಎಂದು ನಕ್ಕರು. ಅವನು ನಿಲ್ಲಿಸಲಿಲ್ಲ.

"ಬಳ್ಳಿ ಕಥಿ ಇನ್ನೂ ಮುಗಿದಿಲ್ಲ. ಬಿಲ್ಲೆ ಪೂರಾ ಆರಿಸಿ ಮತ್ತ ಇಡ್ತೀನಿ. ಕೊಂದ್ರ ಕೊಂದೈತಿ ಅಂತೀನಿ, ಇಲ್ಲಾಂದ್ರ ಇಲ್ಲ ಅಂತೀನಿ. ಯಾವುದಾದ್ರೂ ಮೊದಲು ಹೇಳೋನು ನಾನೇ!"

ದುರುಗಪ್ಪ ಕೈಯಲ್ಲಿದ್ದ ಹಾರವನ್ನು ನೋಡಿದ. ವಾಪಸ್ ಒಯ್ಯುವುದೋ, ಏನು ಮಾಡುವುದೋ. ಕೊನೆಗೆ "ತಗೋ ಹೋಗತ್ಲಾಗ" ಎಂದು ಅಳಿಯನ ಕೊರಳಿಗೇ ಹಾಕಿದ. ಆಮೇಲೆ ಗುರುಗಳ ಕಡೆ ತಿರುಗಿ ಕೈಮುಗಿದ.

"ಏನ್ ಪಾಠ ಕಲಿಸಿದ್ರೋ ಗುರುಗಳೇ! ಬಳ್ಳಿ ಹೋತು, ಇವನ ಜಂಬ ಮಾತ್ರ ಒಂದ್ ಗೇಣೂ ಇಳೀಲಿಲ್ಲ ನೋಡ್ರಿ."

ಚೆನ್ನವೀರಯ್ಯನವರು ಶಿಷ್ಯನನ್ನು ತಲೆಯಿಂದ ಕಾಲವರೆಗೆ ನೋಡಿದರು.

"ಬಳ್ಳಿ ತೆಗೆದ ಮೇಲೂ ಉಳಿಯಿತಲ್ಲ. ಹಾಗಾದರೆ ಅದು ಇವನದೇ."