ಬೊಮ್ಮಕ್ಕ ಕಚ್ಚಿದ ಬುತ್ತಿ

ಒಂದಾನೊಂದು ಕಾಲದಲ್ಲಿ, ದೊರೆಗಳಿಗೆಲ್ಲ ಮೀಸೆ ಜಾಸ್ತಿ ಬುದ್ಧಿ ಕಮ್ಮಿ ಇದ್ದಾಗ, ಒಂದು ಬಯಲಿನ ಸುತ್ತ ಮೂರು ಕೋಟೆ ಇದ್ವಂತೆ ಕೂಸೇ. ಹುಲಿಗುಡ್ಡ, ಕರಡಿಗುಡ್ಡ, ನವಿಲುಗುಡ್ಡ. ಬಯಲಲ್ಲಿ ಬೊಮ್ಮಕ್ಕ ಅಂತ ಒಬ್ಬಳು, ಗಂಡ ಇಲ್ಲ, ಮೂರು ಜನ ಗಂಡುಮಕ್ಕಳು. ಪಾಲಯ್ಯ ಹುಲಿಗುಡ್ಡದಲ್ಲಿ ಬಂಟ, ಓಬಯ್ಯ ಕರಡಿಗುಡ್ಡದಲ್ಲಿ, ಚಿನ್ನಯ್ಯ ನವಿಲುಗುಡ್ಡದಲ್ಲಿ. ಎಲ್ಲಾದ್ರೂ ಹೊಟ್ಟೆ ತುಂಬಲಿ ಅಂತ ಅವಳೇ ಕಳಿಸಿದ್ದಳಂತೆ ಪಾಪ.

ಆಮೇಲೆ ಒಂದಿನ ಕರಡಿಗುಡ್ಡದ ಹೋತ ಹೋಗಿ ನವಿಲುಗುಡ್ಡದವರ ಬಾವುಟ ತಿಂದುಬಿಡ್ತಂತೆ. ಹಾಳಾದ್ದು! ಬಾವುಟ ತಿಂದ್ರೆ ನಮ್ಮ ನಾಡಿನ ಮಾನ ತಿಂದಂಗೆ ಅಂತ ಅಲ್ಲಿಯ ದೊರೆ ನಗಾರಿ ಬಡಿಸಿದನಂತೆ. ಹುಲಿಗುಡ್ಡದ ದೊರೆ ಅವನ ಜೊತೆ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದ, ನೀನು ಬಡಿದ್ರೆ ನಾನೂ ಬಡೀತೀನಿ, ಯಾಕೆ ಅಂತ ಕೇಳಲ್ಲ ಅಂತ. ಅವನೂ ಬಡಿಸಿದ. ಎರಡು ನಗಾರಿ ಕೇಳಿ ಕರಡಿಗುಡ್ಡದವನ ಎದೆ ಢವಢವ, ಅವನೂ ಬಡಿಸಿದ.

ಆ ಸೀಮೇಲಿ ನಗಾರಿ ಬಡಿದ್ರೆ ಮನೆಮನೇಲೂ ರೊಟ್ಟಿ ಸುಟ್ಟು ಬುತ್ತಿ ಕಟ್ಟಬೇಕಂತೆ. ಕಟ್ಟಿದ ಮೇಲೆ ದಂಡು ಹೊರಡಲೇಬೇಕು, ನಿಂತ್ರೆ ಅಪಶಕುನ. ಎಂಜಲಾದ ಬುತ್ತಿ ಹೊತ್ತು ಮಾತ್ರ ಯಾರೂ ಯುದ್ಧಕ್ಕೆ ಹೋಗಂಗಿಲ್ಲ.

ಬೊಮ್ಮಕ್ಕ ಸೆರಗು ಕಟ್ಟಿಕೊಂಡು ಮೂರೂ ಗುಡ್ಡ ಹತ್ತಿದಳಂತೆ. ನವಿಲುಗುಡ್ಡದ ದೊರೆ, ನಂಗೂ ಯುದ್ಧ ಬೇಡಮ್ಮ, ಸುಮ್ಮನಿದ್ರೆ ಜನ ನಗ್ತಾರಲ್ಲ ಅಂದ. ಹುಲಿಗುಡ್ಡದವನು, ನಂಗೂ ಬೇಡ, ಆಣೆ ಇದೆಯಲ್ಲ ಅಂದ. ಕರಡಿಗುಡ್ಡದವನು, ನಂಗಂತೂ ಬೇಡವೇ ಬೇಡ, ಆದ್ರೆ ಅವರಿಗಿಂತ ಮುಂಚೆ ನುಗ್ಗದಿದ್ರೆ ನಾನು ಸತ್ತೆ, ಬುತ್ತಿ ಬೇರೆ ಕಟ್ಟಾಗಿದೆ ಅಂದ. ಬೊಮ್ಮಕ್ಕನಿಗೆ ಮೈಯೆಲ್ಲ ಉರಿದುಹೋಯ್ತು. ಯಾರಿಗೂ ಬೇಡದ ಜಗಳಕ್ಕೆ ನನ್ನ ಮಕ್ಕಳು ಒಬ್ಬರನ್ನೊಬ್ಬರು ಕಡ್ಕೊಂಡು ಸಾಯ್ಬೇಕಾ? ನಾನು ಬಿಡಲ್ಲ ಅಂದಳಂತೆ.

ಆಮೇಲೆ ಕೆರೆಗೆ ಬಂದಳು. ಮೂರು ಕೋಟೆಯ ಹೆಂಗಸರೂ ನೀರಿಗೆ ಬರೋದು ಅಲ್ಲಿಗೇ. ಅವಳು ಹೇಳಿದ ಉಪಾಯ ಕೇಳಿ, ಅಯ್ಯೋ ಗಂಡಂದಿರು ಚರ್ಮ ಸುಲೀತಾರೆ ಅಂದ್ರು. ಸುಲೀಲಿ, ಬದುಕಿದ್ರೆ ತಾನೇ ಸುಲಿಯೋದು ಅಂದಳಂತೆ ಬೊಮ್ಮಕ್ಕ!

ಬೆಳಗಾಯ್ತು. ಮೂರು ದಂಡೂ ಬಯಲಿಗಿಳಿದು ನಿಂತ್ವು. ಅಣ್ಣನ ಎದುರಿಗೆ ತಮ್ಮ, ಕೈಯಲ್ಲಿ ಕತ್ತಿ. ಬೊಮ್ಮಕ್ಕ ನೆಟ್ಟಗೆ ನಡುವೆ ನಡೆದುಹೋಗಿ ಪಾಲಯ್ಯನ ಹೆಗಲಿಂದ ಬುತ್ತಿ ಕಿತ್ತು, ಗಂಟು ಬಿಚ್ಚಿ, ರೊಟ್ಟಿ ಕಚ್ಚಿ ಅಗಿಯೋಕೆ ಶುರುಮಾಡಿದಳಂತೆ. ಆಮೇಲೆ ಓಬಯ್ಯಂದು, ಆಮೇಲೆ ಚಿನ್ನಯ್ಯಂದು. ಅಷ್ಟರಲ್ಲಿ ಎಲ್ಲಾ ಹೆಂಗಸರೂ ನುಗ್ಗಿ ಸಿಕ್ಕಸಿಕ್ಕ ಬುತ್ತಿಗೆಲ್ಲ ಬಾಯಿ ಹಾಕಿದ್ರಂತೆ. ದಂಡಿಗೆ ದಂಡೇ ಬಾಯಿ ಬಿಟ್ಕೊಂಡು ನಿಂತ್ಬಿಡ್ತು.

ಬೇರೆ ಬುತ್ತಿ ಕಟ್ರಿ ಅಂತ ದೊರೆಗಳು ಕಿರುಚಿದ್ರು. ಬೀಸೋ ಕಲ್ಲು ಮುಟ್ಟಲ್ಲ, ಬೇಕಾದ್ರೆ ನೀವೇ ಬೀಸ್ಕೊಳ್ಳಿ ಅಂದಳು ಬೊಮ್ಮಕ್ಕ. ಆಮೇಲೆ ಬಂಟರ ಕಡೆ ತಿರುಗಿ, ಇದು ದಂಡಿಗೆ ಎಂಜಲು, ಹೌದಪ್ಪಾ. ಅಮ್ಮನ ಎಂಜಲು ತಿನ್ನದೆ ಬೆಳೆದೋನು ನಿಮ್ಮಲ್ಲಿ ಯಾವನಾದ್ರೂ ಇದ್ರೆ ಮುಂದೆ ಬನ್ನಿ ಅಂದಳಂತೆ. ಒಬ್ಬನೂ ಬರಲಿಲ್ಲ. ಚಿನ್ನಯ್ಯ ಮೊದಲು ಕತ್ತಿ ಕೆಳಗಿಟ್ಟು ಕೂತ, ಆಮೇಲೆ ಅಣ್ಣಂದಿರು, ಆಮೇಲೆ ಎಲ್ಲರೂ ಕೂತು ಉಂಡ್ರಂತೆ. ದೊರೆಗಳೂ ಮೀಸೆ ಸವರಿಕೊಂಡು, ದಂಡೇ ಕೂತ್ಮೇಲೆ ನಾವೇನು ಮಾಡೋಣ ಅಂತ ಕುದುರೆ ಇಳಿದ್ರು.

ಆವತ್ತು ಬೊಮ್ಮಕ್ಕ ಮೂರೂ ಮಕ್ಕಳನ್ನ ಒಂದೇ ಚಾಪೆ ಮೇಲೆ ಮಲಗಿಸಿ, ತಾನು ಬಾಗಿಲಿಗೆ ಅಡ್ಡ ಮಲಗಿದಳಂತೆ, ಇನ್ನೊಂದ್ಸಲ ನಗಾರಿ ಬಡಿದ್ರೆ ನನ್ನ ತುಳ್ಕೊಂಡು ಹೋಗಲಿ ಅಂತ. ಯಾರೂ ತುಳೀಲಿಲ್ಲ ಕೂಸೇ. ಕತೆ ಅಲ್ಲಿಗೆ ಮುಗೀತು, ಮಲ್ಕೋ.